ತಲೆಯ ಮೇಲೊಂದು ಅಲ್ಪವಿರಾಮ

ಸವದತ್ತಿಯ ಬಸ್ ನಿಲ್ದಾಣದಲ್ಲಿ 'ಗುಡ್ಡಕ್ಕ ಹೊಂಟೇವ್ರಿ' ಎನ್ನುವ ಭಕ್ತರನ್ನು ಯಾರ ಗುಡ್ಡವೆಂದು ಯಾರೂ ಕೇಳುವುದಿಲ್ಲ. ಬರೆಯುವಾಗ ಅದು ಯಲ್ಲಮ್ಮನಗುಡ್ಡ. ನಡುವಿನ ಒಂದು 'ನ' ಗುಡ್ಡ ಯಾರದೆಂದು ಹೇಳಿಬಿಡುತ್ತದೆ. ನೆರೆಯ ರಾಮದುರ್ಗದಲ್ಲಿ ಅದೂ ಇಲ್ಲ. ಸಮಾಸದಲ್ಲಿ ವಿಭಕ್ತಿ ಅಡಗಿದೆ, ರಾಮನ ದುರ್ಗವೆಂದು ಓದುವವನೇ ಬಿಡಿಸಿಕೊಳ್ಳಬೇಕು. ಇದೇ ಷಷ್ಠಿಯ ಕೆಲಸಕ್ಕೆ ಇಂಗ್ಲಿಷಿನವರು 'ಎಸ್' ಅಕ್ಷರದ ಪಕ್ಕದಲ್ಲಿ, ಸಾಲಿನ ಮೇಲ್ಗಡೆ, ಅಲ್ಪವಿರಾಮದಂಥ ಒಂದು ಗುರುತನ್ನು ತೂಗುಹಾಕುತ್ತಾರೆ. ಅದೇ ಅಪಾಸ್ಟ್ರಫಿ.

1829ರಲ್ಲಿ ಬ್ರಿಟಿಷರ ಸೆರೆಯಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. 'ಚೆನ್ನಮ್ಮನ ಸಮಾಧಿ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿ ಆ ಗುರುತನ್ನು ಮರೆತರೆ ರಾಣಿ ಒಬ್ಬಳಲ್ಲ, ಹಲವರಾಗುತ್ತಾರೆ. ಅಂಕ ಹೋಗುತ್ತದೆ. ನೌಕರಿಯ ಅರ್ಜಿಯಲ್ಲಿ ಇಂಥದೇ ತಪ್ಪು ಕಂಡರೆ 'ಇವನಿಗೆ ಇಂಗ್ಲಿಷ್ ಬರುವುದಿಲ್ಲ' ಎಂಬ ತೀರ್ಪು ಹೊರಬೀಳುತ್ತದೆ. ಆದರೆ ಈ ನಿಯಮ ಇಂಗ್ಲಿಷರ ಕೈಗೇ ಬಹುಕಾಲ ಸಿಕ್ಕಿರಲಿಲ್ಲ.

ಹೆಸರು ಗ್ರೀಕ್ ಮೂಲದ್ದು. 'ಅತ್ತ ತಿರುಗಿಸುವುದು' ಎಂಬ ಅರ್ಥದ ಮಾತಿನಿಂದ ಬಂದದ್ದು. 1529ರಲ್ಲಿ ಪ್ಯಾರಿಸಿನ ಮುದ್ರಕ ಜೋಫ್ರುವಾ ತೋರಿ, ಲೋಪವಾದ ಸ್ವರದ ಜಾಗದಲ್ಲಿ ಫ್ರೆಂಚ್ ಭಾಷೆಗೂ ಇಂಥ ಗುರುತು ಬೇಕೆಂದು ವಾದಿಸಿದ. ಅದೇ ಶತಮಾನದಲ್ಲಿ ಅದು ಇಂಗ್ಲಿಷಿಗೂ ಬಂತು. ಹಳೆಯ ಇಂಗ್ಲಿಷಿನಲ್ಲಿ ರಾಜನ ಎನ್ನಲು 'ಕಿಂಗೆಸ್' ಎಂಬಂಥ ರೂಪವಿತ್ತು. ಕಾಲಕ್ರಮದಲ್ಲಿ ನಡುವಿನ 'ಎ' ಸವೆದುಹೋಗಿ 'ಕಿಂಗ್ಸ್' ಉಳಿಯಿತು. ಹೋದ ಸ್ವರದ ನೆನಪಿಗೆ ನಿಂತದ್ದೇ ಇಂದಿನ ಗುರುತು. ತೊಡಕೆಂದರೆ ರಾಜನ, ರಾಜರು, ರಾಜರ ಮೂರಕ್ಕೂ ಉಚ್ಚಾರ ಒಂದೇ. ಕಿವಿಗೆ ಕೇಳದ ವ್ಯತ್ಯಾಸವನ್ನು ಕಣ್ಣಿಗಷ್ಟೇ ತೋರಿಸುವ ಗುರುತಿನಲ್ಲಿ ಎಡವದವರು ಕಡಿಮೆ. 1787ರ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲೇ 'ಅದರ' ಎಂಬರ್ಥದ 'ಇಟ್ಸ್'ಗೆ ಬೇಡದ ಅಪಾಸ್ಟ್ರಫಿ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ ಕಾಲಕ್ಕೂ, ಬಹುವಚನದಲ್ಲಿ ಗುರುತು 'ಎಸ್'ನ ಆಚೆಗೆ ಎಂಬ ನಿಯಮ ಇನ್ನೂ ಗಟ್ಟಿಯಾಗುತ್ತಿತ್ತಷ್ಟೆ.

ಲೋಪಕ್ಕೊಂದು ಗುರುತು ಎಂಬ ಕಲ್ಪನೆ ನಮಗೇನೂ ಹೊಸದಲ್ಲ. 'ಸೋಽಹಂ' ಎಂದು ಬರೆಯುವಾಗ ನಡುವೆ ಬರುವ ಅವಗ್ರಹ, ಸಂಧಿಯಲ್ಲಿ ಕರಗಿದ 'ಅ'ಕಾರದ ಜಾಗವನ್ನೇ ತೋರಿಸುತ್ತದೆ. ಧಾರವಾಡ, ಬೆಳಗಾವಿ ಸೀಮೆಯ ಮಾತನ್ನು ಬರಹಕ್ಕೆ ಇಳಿಸಿದವರು ಅದೇ ಚಿಹ್ನೆಯನ್ನು ಉಲ್ಟಾ ಕೆಲಸಕ್ಕೆ ಹಚ್ಚಿದರು. ಪದದ ಕೊನೆಯ ಸ್ವರವನ್ನು ಎಳೆದು ಹೇಳಬೇಕೆನ್ನಲು ಬೇಂದ್ರೆಯವರ ಕವಿತೆಗಳಲ್ಲಿ ಅವಗ್ರಹ ಬರುತ್ತದೆ. ಹೋದದ್ದನ್ನು ತೋರಿಸುವ ಗುರುತು ಇಲ್ಲಿ ಹೆಚ್ಚಾದದ್ದನ್ನು ತೋರಿಸಿತು! ಇನ್ನು ನುಂಗುವ ವಿಷಯಕ್ಕೆ ಬಂದರೆ, 'ಬಂದಿದ್ದಾನೆ' ಎಂಬುದನ್ನು 'ಬಂದಾನ' ಎಂದು ಮುಗಿಸುವ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂಗ್ಲಿಷರು 'ಇಟ್ ಈಸ್' ಎಂಬುದನ್ನು 'ಇಟ್ಸ್' ಎನ್ನುವುದೂ ಇಂಥ ನುಂಗುವಿಕೆಯೇ. ಅಲ್ಲಿ ಗುರುತು ಬೇಕೇಬೇಕು.

ನಿಜ ಹೇಳಬೇಕೆಂದರೆ, ಈ ವಿಷಯದಲ್ಲಿ ಕನ್ನಡಿಗನಿಗೆ ಇಂಗ್ಲಿಷನಿಗಿಲ್ಲದ ಅನುಕೂಲವಿದೆ. ಅವನ ಭಾಷೆ ಒಂದೇ 'ಎಸ್'ಗೆ ಹೊರಿಸಿದ ಕೆಲಸಗಳನ್ನು ಕನ್ನಡ ಬೇರೆಬೇರೆ ಪ್ರತ್ಯಯಗಳಿಗೆ ಹಂಚಿಕೊಟ್ಟಿದೆ. ಬರೆಯುವ ಮೊದಲು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡರಾಯಿತು. 'ಪುಸ್ತಕಗಳು' ಎಂದು ಬಂದರೆ ಗುರುತು ಬೇಡ. 'ಹುಡುಗನ' ಎಂದು ಬಂದರೆ 'ಎಸ್'ಗೆ ಮೊದಲು, 'ಹುಡುಗರ' ಎಂದು ಬಂದರೆ 'ಎಸ್' ಆದಮೇಲೆ. 'ಮಕ್ಕಳ' ಎಂಬಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು; 'ಚಿಲ್ಡ್ರನ್' ಎಂಬುದು 'ಎಸ್' ಇಲ್ಲದೆಯೇ ಬಹುವಚನವಾದ್ದರಿಂದ ಗುರುತು ಮತ್ತೆ 'ಎಸ್'ಗೆ ಮೊದಲೇ ಬರುತ್ತದೆ. ಸರ್ವನಾಮಗಳು ಬೇರೆ ಜಾತಿ. 'ಅವನ' ಎಂಬ 'ಹಿಸ್'ಗೆ ಇಲ್ಲದ ಗುರುತು 'ಅದರ' ಎಂಬ 'ಇಟ್ಸ್'ಗೂ ಇಲ್ಲ.

ಇಂಗ್ಲೆಂಡಿನಲ್ಲಿ ಬರೀ ಬಹುವಚನಕ್ಕೆ ಗುರುತು ಹಾಕುವ ತಪ್ಪಿಗೆ ಕಾಯಿಪಲ್ಲೆ ಮಾರುವವರ ಅಪಾಸ್ಟ್ರಫಿ ಎಂಬ ಹೆಸರೇ ಬಿದ್ದಿದೆ. ಅಲ್ಲಿನ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಈ ಗುರುತಿನ ರಕ್ಷಣೆಗೆ ಸಂಘವನ್ನೇ ಕಟ್ಟಿದರು. 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನವೇ ಗೆದ್ದವೆಂದು ಅದನ್ನು ಮುಚ್ಚಿದರು. ಬಳಿಕ ಬೇರೆಯವರು ಅದನ್ನು ಮತ್ತೆ ನಡೆಸತೊಡಗಿದರು. ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲೇ ಬೀದಿಫಲಕಗಳಿಂದ ಅಪಾಸ್ಟ್ರಫಿಯನ್ನು ಕೈಬಿಟ್ಟಿತ್ತು.

ಬೆಳಗಾವಿ ಜಿಲ್ಲೆಯ ಊರುಗಳಲ್ಲಿ 'ಕನ್ನಡ ಹೆಣ್ಣುಮಕ್ಕಳ ಶಾಲೆ' ಎಂಬ ಫಲಕಗಳಿವೆ. ಅದನ್ನೇ ಇಂಗ್ಲಿಷಿನಲ್ಲಿ ಪೂರ್ತಿ ಬರೆದರೆ 'ಗರ್ಲ್ಸ್' ಆದಮೇಲೆ ಒಂದು ಅಪಾಸ್ಟ್ರಫಿ ಬೇಕು. ಆದರೆ ಎಲ್ಲರ ಬಾಯಲ್ಲೂ ಅದು ಕೆ.ಜಿ.ಎಸ್.; ಆ ಮೂರಕ್ಷರದಲ್ಲಿ ಗುರುತಿಗೆ ಜಾಗವೇ ಇಲ್ಲ.