ಮಗುವಿನ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿ: ಬೆಸೆಂಟ್ ನಗರದ ನೆಲೆಯಿಂದ ಸ್ವಯಂಸೇವೆಯ ಒಂದು ವಿಚಾರ

ಚೆನ್ನೈಯ ದಕ್ಷಿಣದಲ್ಲಿ, ಅಡ್ಯಾರ್ ನದಿಯ ಅಳಿವೆಯಿಂದ ತುಸು ಕೆಳಗೆ ಬೆಸೆಂಟ್ ನಗರವಿದೆ. ಆನಿ ಬೆಸೆಂಟರ ಹೆಸರು ಹೊತ್ತ ಈ ಬಡಾವಣೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿರುವ ರಾಜಾಜಿ ಭವನ, ಅಷ್ಟಲಕ್ಷ್ಮಿ ದೇವಾಲಯ, ಸಂಜೆಗಾಳಿಗೆ ಜನ ಸೇರುವ ಎಲಿಯಟ್ಸ್ ಬೀಚು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತವೆ. ಅಷ್ಟೇ ದೂರದಲ್ಲಿ ಊರೂರ್ ಆಲ್ಕಾಟ್ ಕುಪ್ಪಂ, ಓಡೈ ಕುಪ್ಪಂ ಎಂಬ ಮೀನುಗಾರರ ಕೇರಿಗಳೂ ಇವೆ. ಐಐಟಿ ಮದ್ರಾಸ್ ಕೂಡ ಇಲ್ಲಿಂದ ಬಹಳ ದೂರವೇನಲ್ಲ. ಓದಿನ ಉತ್ತುಂಗಕ್ಕೇರಿದವರೂ ಓದಿನ ಹೊಸ್ತಿಲಲ್ಲೇ ಎಡವುತ್ತಿರುವವರೂ ಒಂದೇ ಬಸ್ಸಿನ ದಾರಿಯಲ್ಲಿ ವಾಸಿಸುವ ಇಂಥ ಜಾಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮಕ್ಕಳ ನಡುವೆ ಸ್ವಯಂಸೇವೆ ಮಾಡಬೇಕೆಂದು ಹೇಳುವುದು ಸಹಜ. ಅದರಿಂದ ವಿದ್ಯಾರ್ಥಿಯ ಲೋಕದೃಷ್ಟಿ ಹಿಗ್ಗುತ್ತದೆ ಎಂಬ ಮಾತನ್ನು ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಹಿಗ್ಗುವುದು ಹೌದೇ, ಹೌದಾದರೆ ಯಾವುದರಿಂದ, ಯಾವಾಗ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಡತನವನ್ನು ಹತ್ತಿರದಿಂದ ಕಂಡರೆ ಕಣ್ಣು ತೆರೆಯುತ್ತದೆ ಎಂಬುದು ರೂಢಿಯ ಉತ್ತರ. ಆದರೆ ಎಲಿಯಟ್ಸ್ ಬೀಚಿನಲ್ಲಿ ದಿನವೂ ಅಡ್ಡಾಡುವವರು ಕುಪ್ಪಂನ ಮಕ್ಕಳನ್ನು ದಿನವೂ ಕಾಣುತ್ತಾರೆ. ಕಾಣುವುದೊಂದೇ ಸಾಕಾಗಿದ್ದರೆ ಈ ನಗರದಲ್ಲಿ ಯಾರಿಗೂ ಪಾಠ ಬೇಕಿರಲಿಲ್ಲ. ನನ್ನ ವಾದ ಬೇರೆ. ಒಂದು ಮಗು ಏಕೆ ಕಲಿಯುತ್ತಿಲ್ಲ ಎಂಬುದಕ್ಕೆ ವಿದ್ಯಾರ್ಥಿ ಮನೆಯಿಂದಲೇ ಒಂದು ಕಾರಣವನ್ನು ಕಟ್ಟಿಕೊಂಡು ಬಂದಿರುತ್ತಾನೆ: ಮಗು ದಡ್ಡ, ತಾಯ್ತಂದೆಗೆ ಓದಿನ ಬೆಲೆ ಗೊತ್ತಿಲ್ಲ, ಮೇಷ್ಟರು ಸರಿಯಿಲ್ಲ. ಅದೇ ಮಗುವಿನ ಪಕ್ಕದಲ್ಲಿ ವಾರವಾರವೂ ಕುಳಿತು ಒಂದು ನಿಶ್ಚಿತ ವಿಷಯವನ್ನು ಕಲಿಸಲು ಹೊರಟಾಗ ಆ ಕಾರಣಗಳು ಒಂದೊಂದಾಗಿ ಸುಳ್ಳಾಗುತ್ತವೆ. ದೃಷ್ಟಿ ಬದಲಾಗುವುದು ಆಗ. ಕರುಣೆ ಹೆಚ್ಚಾಗುವುದು ಬೇರೆ, ತಪ್ಪು ವಿವರಣೆ ಮುರಿಯುವುದು ಬೇರೆ. ಮೊದಲನೆಯದಕ್ಕೆ ಒಂದು ಮಧ್ಯಾಹ್ನ ಸಾಕು. ಎರಡನೆಯದಕ್ಕೆ ತಿಂಗಳುಗಳು ಬೇಕು.

ಇದನ್ನು ಒಂದೇ ಒಂದು ಅಕ್ಷರದ ಮಟ್ಟಕ್ಕೆ ಇಳಿಸಿ ನೋಡಬಹುದು. ಕನ್ನಡ ಮನೆಯಲ್ಲಿ ಬೆಳೆದ ವಿದ್ಯಾರ್ಥಿನಿಯೊಬ್ಬಳು ಚೆನ್ನೈಯಲ್ಲಿ ಓದುತ್ತ, ಎರಡನೆಯ ತರಗತಿಯ ಮಗುವಿಗೆ ತಮಿಳು ಓದಿಸಲು ಕುಳಿತಳೆಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರಗಳಿರುವಲ್ಲಿ ತಮಿಳಿಗೆ ಇರುವುದು ಒಂದೇ. ಕಡಲ್ ಎಂಬಲ್ಲಿ ಅದು ಕಕಾರ. ಹಗಲು ಎಂಬರ್ಥದ ಪಗಲ್‌ನಲ್ಲಿ ಗಕಾರ, ಹಲವರ ಬಾಯಲ್ಲಿ ಹಕಾರಕ್ಕೂ ಸಮೀಪ. ಶಂಖಕ್ಕೆ ಅವರು ಹೇಳುವ ಶಂಗು ಎಂಬಲ್ಲಿ ಅನುನಾಸಿಕದ ಬೆನ್ನಿಗೆ ಬಂದು ಮತ್ತೆ ಗಕಾರ. ಪಕ್ಕಂ ಎಂಬಲ್ಲಿ ಒತ್ತು ಬಂದು ಕಕಾರ. ಬರೆಯುವುದು ಮಾತ್ರ ನಾಲ್ಕೂ ಕಡೆ ಒಂದೇ ಅಕ್ಷರ. ಕನ್ನಡದ ಹುಡುಗಿಗೆ ಇದು ಲಿಪಿಯ ಕೊರತೆಯಾಗಿ ಕಾಣಬಹುದು, ಪಗಲ್ ಅನ್ನು ಅವಳು ಪಕಲ್ ಎಂದೇ ಓದಿಬಿಡಬಹುದು. ಪಕ್ಕದ ಮಗು ನಕ್ಕು ತಿದ್ದುತ್ತದೆ. ಪುಸ್ತಕದ ಸಾಲನ್ನು ತಡವರಿಸದೆ ಓದಲಾಗದ ಆ ಮಗುವಿಗೆ, ಯಾವ ಜಾಗದಲ್ಲಿ ಯಾವ ಧ್ವನಿ ಎಂಬ ನಿಯಮ ನಾಲಿಗೆಯ ಮೇಲೆಯೇ ಇದೆ, ಯಾರೂ ಹೇಳಿಕೊಟ್ಟಿಲ್ಲ. ಮಗುವಿಗೆ ಭಾಷೆ ಗೊತ್ತಿಲ್ಲವೆಂಬ ಕಾರಣ ಅಲ್ಲಿಗೆ ಬಿತ್ತು. ತೊಡಕು ಇರುವುದು ಗೊತ್ತಿರುವ ಧ್ವನಿಯನ್ನು ಗೊತ್ತಿಲ್ಲದ ಗೆರೆಗೆ ಹೊಂದಿಸುವುದರಲ್ಲಿ. ತಮಿಳು ವರ್ಣಮಾಲೆಯ ಚೌಕದಲ್ಲಿ 247 ಅಕ್ಷರಗಳಿವೆ. ಅವುಗಳಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂದು ಹುಡುಕುವುದು ತಾಳ್ಮೆಯ ಕೆಲಸ, ನಿಜವಾದ ಬೌದ್ಧಿಕ ಕೆಲಸ.

ಗಣಿತದಲ್ಲಿ ಇದೇ ಮಾತಿಗೆ ಲಿಖಿತ ಸಾಕ್ಷ್ಯವಿದೆ. ಬ್ರೆಜಿಲ್‌ನ ರೆಸೀಫ್ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ 9ರಿಂದ 15 ವರ್ಷದ ಐದು ಮಕ್ಕಳನ್ನು ಕರಹೇರ್, ಷ್ಲೀಮನ್ ಮೊದಲಾದ ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಗಿರಾಕಿಯಂತೆ ನಿಂತು ಕೇಳಿದ ಲೆಕ್ಕಗಳಿಗೆ ಆ ಮಕ್ಕಳು ಶೇ. 98ರಷ್ಟು ಸರಿಯುತ್ತರ ಕೊಟ್ಟರು. ಅದೇ ಸಂಖ್ಯೆಗಳನ್ನು ಸಂದರ್ಭವಿಲ್ಲದೆ, ಶಾಲೆಯ ಬರಿಯ ಅಂಕಿಗಳ ಲೆಕ್ಕದಂತೆ ಕೊಟ್ಟಾಗ ಅದು ಶೇ. 37ಕ್ಕೆ ಇಳಿಯಿತು. ಐದೇ ಮಕ್ಕಳ ಮೇಲೆ ನಿಂತ ಅಧ್ಯಯನವೆಂದು ಅದನ್ನು ತಳ್ಳಿಹಾಕಬಹುದಿತ್ತು. ಆದರೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆಸಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೂ ಅದೇ ದಿಕ್ಕಿನಲ್ಲಿದೆ. ಅದು ಇನ್ನೊಂದು ಅಂಶವನ್ನೂ ಸೇರಿಸಿತು: ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಸಂತೆಯ ಲೆಕ್ಕ ಅಷ್ಟು ಸುಲಭವಾಗಿ ಬರುವುದಿಲ್ಲ. ಮೀನಿನ ಬುಟ್ಟಿಯ ಮುಂದೆ ಚಿಲ್ಲರೆ ಎಣಿಸುವುದನ್ನು ನೋಡುತ್ತಲೇ ಬೆಳೆಯುವ ಮಕ್ಕಳಿರುವ ಕರಾವಳಿಯ ಯಾವ ಕೇರಿಗೂ, ಅದು ಬೆಸೆಂಟ್ ನಗರವಾಗಲಿ ಮಲ್ಪೆಯಾಗಲಿ, ಈ ಅಂಶ ಮುಖ್ಯ. ಎಂಜಿನಿಯರಿಂಗ್ ಓದುವ ಸ್ವಯಂಸೇವಕನ ಜ್ಞಾನ ಪೂರ್ಣ, ಮಗುವಿನದು ಶೂನ್ಯ ಎಂಬ ಲೆಕ್ಕಾಚಾರವೇ ಇಲ್ಲಿ ತಪ್ಪುತ್ತದೆ. ಎರಡೂ ಅರೆಜ್ಞಾನಗಳು, ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು.

ಬೆಸೆಂಟ್ ನಗರದ ನೆಲದಲ್ಲಿ ಈ ವಿಚಾರಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಬೇರಿದೆ. ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ 1894ರಲ್ಲಿ ಅಂದು ಪಂಚಮರೆಂದು ಕರೆಯುತ್ತಿದ್ದ ದಲಿತ ಮಕ್ಕಳಿಗಾಗಿ ಉಚಿತ ಶಾಲೆ ತೆರೆದರು. ಅದೇ ಇಂದಿನ ಆಲ್ಕಾಟ್ ಸ್ಮಾರಕ ಶಾಲೆ. ಕುಪ್ಪಂನ ಹೆಸರಿನಲ್ಲೂ ಅವರೇ ಉಳಿದಿದ್ದಾರೆ. ಅದಕ್ಕೆ ಎರಡು ವರ್ಷ ಮೊದಲು, 1892ರಲ್ಲಿ, ಆಗ ಅದೇ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಮಂಗಳೂರಿನಲ್ಲಿ ಕಾಸರಗೋಡು ಸೀಮೆಯ ವಕೀಲ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಶಾಲೆ ಆರಂಭಿಸಿದ್ದರು. ಇಬ್ಬರೂ ಎದುರಿಸಿದ್ದು ಬಡತನವನ್ನಷ್ಟೇ ಅಲ್ಲ, ಈ ಮಕ್ಕಳಿಗೆ ಓದು ಹತ್ತುವುದಿಲ್ಲ ಎಂಬ ಸಮಾಜದ ನಿಶ್ಚಯವನ್ನು. ಆ ನಿಶ್ಚಯವನ್ನು ಸುಳ್ಳಾಗಿಸಲು ಬೇರೆ ದಾರಿ ಇರಲಿಲ್ಲ, ಕಲಿಸಿಯೇ ತೋರಿಸಬೇಕಿತ್ತು. ಮುಂದೆ 1939ರಲ್ಲಿ ಮರಿಯಾ ಮಾಂಟೆಸರಿ ಅಡ್ಯಾರಿಗೆ ಬಂದು ಶಿಕ್ಷಕರ ತರಬೇತಿ ನಡೆಸಿದರು. ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ಅವರ ಪದ್ಧತಿಯಲ್ಲಿ ಶಿಕ್ಷಕಿಯ ಮೊದಲ ಕೆಲಸ ಮಗುವನ್ನು ಗಮನಿಸುವುದು, ಕಂಡದ್ದನ್ನು ಬರೆದಿಡುವುದು. ಕೈ ಹಾಕುವುದು ಆಮೇಲೆ. ಸ್ವಯಂಸೇವಕರಿಗೆ ಇದಕ್ಕಿಂತ ಒಳ್ಳೆಯ ಶಿಸ್ತು ನನಗೆ ಕಂಡಿಲ್ಲ.

ಸ್ವತಂತ್ರ ಭಾರತ ಈ ಕೆಲಸಕ್ಕೆ ಕೊಟ್ಟ ಚೌಕಟ್ಟು ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್‌ಎಸ್‌ಎಸ್. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಅದನ್ನು ಆರಂಭಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್: ಕಾಂಚೀಪುರದಲ್ಲಿ ಹುಟ್ಟಿ, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರು. ಅದಕ್ಕೆ ಹತ್ತು ವರ್ಷ ಮುಂಚೆ ಸಿ.ಡಿ. ದೇಶಮುಖ್ ಸಮಿತಿ ಸೇವೆಯನ್ನು ಕಡ್ಡಾಯ ಮಾಡಬೇಕೆಂದಿತ್ತು, ಕೆ.ಜಿ. ಸೈಯದೈನ್ ಹೊರದೇಶಗಳ ಅನುಭವ ನೋಡಿ ಬಂದು ಸ್ವಇಚ್ಛೆಯಿಂದಲೇ ಆಗಲಿ ಎಂದರು. ಎರಡನೆಯ ಮಾತು ಗೆದ್ದಿತು. ಎರಡು ವರ್ಷಕ್ಕೆ 240 ಗಂಟೆ ಎಂಬ ಅಳತೆ ಬಂತು. ಗಂಟೆಯನ್ನು ಅಳೆದದ್ದು ತಪ್ಪಲ್ಲ. ಆದರೆ ಒಂದು ವಾರ ಗಿಡ ನೆಡುವುದು, ಇನ್ನೊಂದು ವಾರ ಜಾಥಾ, ಮತ್ತೊಂದು ವಾರ ಮಕ್ಕಳಿಗೆ ಚಿತ್ರಸ್ಪರ್ಧೆ ಎಂದು ಅದನ್ನು ಹಂಚಿಬಿಟ್ಟರೆ ಮೇಲೆ ಹೇಳಿದ ಯಾವ ಕಾರಣವೂ ಮುರಿಯುವಷ್ಟು ಹೊತ್ತು ಸಿಗುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಸೇವೆಗೆ ಮುಂದೆ ಬರುವವರು ಮೊದಲೇ ಮೃದು ಮನಸ್ಸಿನವರು. ಸೇವೆಯಿಂದ ಅವರು ಬದಲಾದರೆಂದು ಹೇಗೆ ಹೇಳುವುದು? ಸೆಸಿಲಿಯಾ ಮೊ ಮತ್ತು ಕ್ಯಾಥರಿನ್ ಕಾನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಜಾಣ್ಮೆಯಿಂದ ಬಿಡಿಸುತ್ತದೆ. ಅಮೆರಿಕದ ಬಡ ಶಾಲೆಗಳಲ್ಲಿ ಎರಡು ವರ್ಷ ಕಲಿಸುವ ಟೀಚ್ ಫಾರ್ ಅಮೆರಿಕ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದವರಲ್ಲಿ, ಆಯ್ಕೆಯ ಅಂಕದ ಗೆರೆಯನ್ನು ಸ್ವಲ್ಪದರಲ್ಲಿ ದಾಟಿದವರನ್ನೂ ಸ್ವಲ್ಪದರಲ್ಲಿ ದಾಟಲಾಗದೆ ಉಳಿದವರನ್ನೂ ಅವರು ಹೋಲಿಸಿದರು. ಇಬ್ಬರ ಮನಸ್ಸೂ ಮೊದಲಿಗೆ ಒಂದೇ ಬಗೆಯದು. ಕಲಿಸಿ ಬಂದವರು ಮಾತ್ರ, ಬಡ ಮಕ್ಕಳ ಹಿನ್ನಡೆಗೆ ಆ ಮಕ್ಕಳಲ್ಲೇ ದೋಷ ಹುಡುಕುವುದನ್ನು ಕಡಿಮೆ ಮಾಡಿ, ವ್ಯವಸ್ಥೆಯ ಅನ್ಯಾಯದಲ್ಲಿ ಕಾರಣ ಕಾಣತೊಡಗಿದ್ದರು. ಬದಲಾದದ್ದು ವಿವರಣೆ ಎಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಗೌತಮ್ ರಾವ್ ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರ್ಕಾರದ ನಿಯಮದಿಂದ ಬಡ ಸಹಪಾಠಿಗಳು ಬಂದ ತರಗತಿಯ ಉಳ್ಳವರ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರೆಂದು ದೂರ ಇಡುವುದು ಕಡಿಮೆಯಾಯಿತು. ಅಲ್ಲಿ ಯಾರೂ ಸ್ವಇಚ್ಛೆಯಿಂದ ಬಂದಿರಲಿಲ್ಲ. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರಕ್ರಮವೇ ಯಾರ ಪಕ್ಕ ಯಾರು ಕೂಡಬೇಕೆಂದು ನಿರ್ಧರಿಸಿತ್ತು. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು: ದೆಹಲಿಯ ಮಕ್ಕಳು ಸಮಾನರಾಗಿ ಕುಳಿತಿದ್ದರು, ಸ್ವಯಂಸೇವಕ ಕೊಡುವವನಾಗಿ ಕೂಡುತ್ತಾನೆ. ಆದ್ದರಿಂದಲೇ ಮಗು ತಿದ್ದುವ ಆ ಪಗಲ್‌ನ ಕ್ಷಣ ನನಗೆ ಅಷ್ಟು ಮುಖ್ಯವೆನಿಸುತ್ತದೆ. ಕಲಿಸುವ ಸರದಿ ಮಗುವಿಗೂ ಬರುವಂತೆ ಕೆಲಸವನ್ನು ಹೂಡಬೇಕು.

ಇನ್ನೂ ಕಠಿಣವಾದ ಆಕ್ಷೇಪ ನೈತಿಕವಾದುದು. ವಿದ್ಯಾರ್ಥಿಯ ದೃಷ್ಟಿ ಹಿಗ್ಗಲೆಂದು ಮಗುವನ್ನು ಸಾಧನವಾಗಿ ಬಳಸಬಹುದೇ? ಇವಾನ್ ಇಲ್ಲಿಚ್ 1968ರಲ್ಲಿ ಮೆಕ್ಸಿಕೊಕ್ಕೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ನಿಂತು, ಬರಬೇಡಿ ಎಂದು ಹೇಳಿದ್ದು ಇದೇ ಕಾರಣಕ್ಕೆ. ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ, ಅನಾಥಾಲಯಗಳಿಗೆ ಕೆಲವೇ ವಾರಗಳಿಗೆಂದು ಬಂದು ಮಕ್ಕಳನ್ನು ಹಚ್ಚಿಕೊಂಡು ಹೊರಟುಹೋಗುವ ಸ್ವಯಂಸೇವಕರಿಂದ ಆಗುವ ಹಾನಿಯನ್ನು ವಿವರಿಸಿದರು. ಬಂಧ ಕಟ್ಟಿ ಕಡಿಯುವುದು ಮತ್ತೆ ಮತ್ತೆ ನಡೆದಾಗ ಮಗು ಯಾರನ್ನೂ ನಂಬದಂತಾಗುತ್ತದೆ. ಈ ಮಾತುಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಹುಟ್ಟುಹಬ್ಬದ ಕೇಕು ಹಿಡಿದು ಬಂದು, ಮಕ್ಕಳ ಜೊತೆ ಫೋಟೊ ತೆಗೆದು ಹೋಗುವ ಭೇಟಿಗಳು ನಿಲ್ಲಲೇಬೇಕು. ಆದರೆ ಮಗುವಿಗೆ ಹಾನಿ ಮಾಡುವ ಆ ಕಿರುಭೇಟಿ ವಿದ್ಯಾರ್ಥಿಗೂ ಏನನ್ನೂ ಕಲಿಸುವುದಿಲ್ಲ. ಅವನ ಹಳೆಯ ಕಾರಣಗಳೆಲ್ಲ ಹಾಗೇ ಉಳಿಯುತ್ತವೆ. ನಿಶ್ಚಿತ ಅವಧಿ, ನಿಶ್ಚಿತ ಕೆಲಸ, ತರಗತಿಯ ಶಿಕ್ಷಕಿಗೆ ಉತ್ತರ ಕೊಡಬೇಕಾದ ಹೊಣೆ, ಬಿಟ್ಟುಹೋಗುವ ದಿನವನ್ನು ಮಗುವಿಗೆ ಮೊದಲೇ ತಿಳಿಸುವುದು: ಮಗುವನ್ನು ಕಾಯುವ ಈ ನಿಯಮಗಳೇ ವಿದ್ಯಾರ್ಥಿಯ ದೃಷ್ಟಿಯನ್ನೂ ತಿದ್ದುತ್ತವೆ. ಇಬ್ಬರ ಹಿತ ಇಲ್ಲಿ ಒಂದೇ ದಿಕ್ಕಿನಲ್ಲಿದೆ.

ಸರ್ಕಾರ ಮಾಡಬೇಕಾದ್ದನ್ನು ಸ್ವಯಂಸೇವಕರ ತಲೆಗೆ ಕಟ್ಟಬಾರದು ಎಂಬ ಮಾತಿಗೆ ತಮಿಳುನಾಡಿನಲ್ಲೇ ಉತ್ತರವಿದೆ. ಕೋವಿಡ್ ಕಾಲದಲ್ಲಿ 18 ತಿಂಗಳು ಮುಚ್ಚಿದ್ದ ಶಾಲೆಗಳ ಮಕ್ಕಳಿಗಾಗಿ 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಇಲ್ಲಂ ತೇಡಿ ಕಲ್ವಿ, ಅಂದರೆ ಮನೆ ಬಾಗಿಲಿಗೆ ಶಿಕ್ಷಣ, ಎಂಬ ಯೋಜನೆ ತಂದಿತು. ತಿಂಗಳಿಗೆ 1,000 ರೂಪಾಯಿ ಗೌರವಧನದ ಮೇಲೆ, ಬಹುಪಾಲು ಆಯಾ ಊರಿನ ಹೆಣ್ಣುಮಕ್ಕಳೇ ಸಂಜೆ ಪಾಠ ಹೇಳಿದರು. ಅಭಿಜಿತ್ ಸಿಂಗ್, ಮೌರಿಸಿಯೊ ರೊಮೆರೊ, ಕಾರ್ತಿಕ್ ಮುರಳೀಧರನ್ ಗ್ರಾಮೀಣ ತಮಿಳುನಾಡಿನ ಸುಮಾರು 19,000 ಮಕ್ಕಳನ್ನು ಪರೀಕ್ಷಿಸಿ ಕಂಡದ್ದು: ಶಾಲೆ ತೆರೆದ ಆರು ತಿಂಗಳಲ್ಲಿ ಕಲಿಕೆಯ ನಷ್ಟದ ಮೂರನೇ ಎರಡರಷ್ಟು ತುಂಬಿಬಂತು, ಆ ಚೇತರಿಕೆಯಲ್ಲಿ ಶೇ. 24ರಷ್ಟು ಈ ಯೋಜನೆಯದು. ಉಳಿದ ದೊಡ್ಡ ಪಾಲಿಗೆ ಈ ಸಂಜೆಪಾಠ ಕಾರಣವಲ್ಲ. ಸ್ವಯಂಸೇವೆ ಶಾಲೆಯ ಜಾಗ ತುಂಬಲಾರದು, ಆದರೆ ಶಾಲೆಯ ಪಕ್ಕದಲ್ಲಿ ನಿಂತು ಅದು ಮಾಡುವ ಕೆಲಸ ಅಲ್ಪವಲ್ಲ. ಆ ಪಾಠ ಹೇಳಿದವರು ದಿನವೂ ಬಂದವರು, ಅದೇ ಬೀದಿಯವರು ಎಂಬುದನ್ನು ಕಾಲೇಜುಗಳು ಮರೆಯಬಾರದು.

ಆದ್ದರಿಂದ ಕಾಲೇಜುಗಳ ಎನ್‌ಎಸ್‌ಎಸ್ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಗಂಟೆಗಳನ್ನು ಹಂಚಬೇಡಿ. ಒಬ್ಬ ವಿದ್ಯಾರ್ಥಿಗೆ ಒಂದೇ ಶಾಲೆ, ಒಂದಿಬ್ಬರೇ ಮಕ್ಕಳು, ಓದು ಅಥವಾ ಲೆಕ್ಕ ಎಂಬ ಒಂದೇ ಕೆಲಸ ಕೊಡಿ. ದಿನಚರಿಯಲ್ಲಿ ಹಾಜರಿಯ ಜೊತೆಗೆ, ಈ ವಾರ ಮಗು ಎಲ್ಲಿ ತಡವರಿಸಿತು, ಏಕೆಂದು ನಾನು ಊಹಿಸಿದ್ದೆ, ಊಹೆ ಎಲ್ಲಿ ತಪ್ಪಿತು ಎಂದು ಅರ್ಧ ಪುಟ ಬರೆಸಿ. ಅದನ್ನು ತರಗತಿಯ ಶಿಕ್ಷಕಿಯೂ ಓದಲಿ. ನಿಯಮದ ಪ್ರಕಾರ ವರ್ಷಕ್ಕೆ ಇರುವುದು 120 ಗಂಟೆ. ವಾರಕ್ಕೆ ಮೂರು ಗಂಟೆಯಂತೆ ಅದು ನಲವತ್ತು ವಾರ, ಒಂದು ಮಗು ಒಂದು ತರಗತಿ ದಾಟುವಷ್ಟು ಕಾಲ.