ಚಾರ್ಜರ್ ಒಳಗಿನ ‘94ವಿ-0’: ಬೆಂಕಿ ತಡೆಯುವ ಪ್ಲಾಸ್ಟಿಕ್ಕಿನ ಹಿಂದಿನ ಕತೆ

ಕೆಟ್ಟುಹೋದ ಮೊಬೈಲ್ ಚಾರ್ಜರನ್ನೋ ಎಲ್‌ಇಡಿ ಬಲ್ಬನ್ನೋ ಬಿಚ್ಚಿ ನೋಡಿದ್ದೀರಾ? ಒಳಗೆ ಹಸಿರು ಇಲ್ಲವೇ ಕಂದು ಬಣ್ಣದ ಒಂದು ಚಿಕ್ಕ ಹಲಗೆ ಇರುತ್ತದೆ. ಅದರ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘94ವಿ-0’ ಎಂದು ಸಣ್ಣದಾಗಿ ಅಚ್ಚಾಗಿರುವುದು ಬಹಳ ಸಲ ಕಾಣುತ್ತದೆ. ಅದು ಮಾಡೆಲ್ ನಂಬರ್ ಇರಬೇಕು ಅಂತ ನಾವು ಅಂದುಕೊಂಡಿದ್ದೆವು. ಅಲ್ಲ, ಅದು ಬೆಂಕಿಯ ಪರೀಕ್ಷೆಯಲ್ಲಿ ಆ ಹಲಗೆ ಪಡೆದ ದರ್ಜೆ. ಗಮನಿಸಿ, ದರ್ಜೆ ಸಿಕ್ಕಿರುವುದು ಒಳಗಿನ ಹಲಗೆಗೆ. ಹೊರಗಿನ ಬಿಳಿ ಡಬ್ಬಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈ ದರ್ಜೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಅಮೆರಿಕದ ಷಿಕಾಗೋ ಊರಿನ ಒಂದು ದೊಡ್ಡ ವಸ್ತುಪ್ರದರ್ಶನ ಸಿಗುತ್ತದೆ. 1893ರಲ್ಲಿ ನಡೆದ ಆ ಪ್ರದರ್ಶನದಲ್ಲಿ ಸಾವಿರಾರು ವಿದ್ಯುತ್ ದೀಪಗಳನ್ನು ಹಚ್ಚಿದ್ದರು. ಕರೆಂಟು ಆಗ ಹೊಸದು, ವೈರಿಂಗ್ ಗೊತ್ತಿದ್ದವರು ಕಡಿಮೆ. ಕಟ್ಟಡಗಳಿಗೆ ಬೆಂಕಿ ವಿಮೆ ಕೊಟ್ಟ ಕಂಪನಿಗಳಿಗೆ ನಿದ್ದೆ ಬರಲಿಲ್ಲ. ವಿಲಿಯಂ ಮೆರಿಲ್ ಎಂಬ ಯುವ ಎಂಜಿನಿಯರನ್ನು ಅಲ್ಲಿಗೆ ಕಳಿಸಿದರು. ಮರುವರ್ಷ, 1894ರ ಮಾರ್ಚ್‌ನಲ್ಲಿ, ಮೆರಿಲ್ ತನ್ನ ಪುಟ್ಟ ಪ್ರಯೋಗಾಲಯದಲ್ಲಿ ಮೊದಲ ಪರೀಕ್ಷೆ ಮಾಡಿದ್ದು ಬೆಂಕಿ ಹತ್ತದ ಇನ್ಸುಲೇಷನ್ ಮೇಲೆ. ಆ ಪ್ರಯೋಗಾಲಯವೇ ಮುಂದೆ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್, ಅಂದರೆ ‘ಯುಎಲ್’ ಆಯಿತು. ಅಂಡರ್‌ರೈಟರ್ ಅಂದರೆ ವಿಮೆಯ ಹೊಣೆ ಹೊರುವವನು. ಬೆಂಕಿ ಬಿದ್ದರೆ ದುಡ್ಡು ಕಟ್ಟಬೇಕಾದವರೇ ಯಾವುದು ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಎಂದು ಮೊದಲು ತಲೆಕೆಡಿಸಿಕೊಂಡವರು.

ಪ್ಲಾಸ್ಟಿಕ್ ಅದಕ್ಕೂ ಮೊದಲೇ ಬಂದಿತ್ತು. ಬಿಲಿಯರ್ಡ್ಸ್ ಚೆಂಡಿಗೆ ಬೇಕಿದ್ದ ಆನೆದಂತ ದುಬಾರಿಯಾದಾಗ ಜಾನ್ ವೆಸ್ಲಿ ಹ್ಯಾಟ್ ಎಂಬಾತ 1870ರ ಆಸುಪಾಸಿನಲ್ಲಿ ಸೆಲ್ಯುಲಾಯ್ಡ್ ತಯಾರಿಸಿದ. ಹತ್ತಿಯ ನಾರಿಗೆ ನೈಟ್ರಿಕ್ ಆಮ್ಲ ಸೇರಿಸಿ, ಕರ್ಪೂರ ಬೆರೆಸಿ ಮಾಡಿದ ವಸ್ತು ಅದು. ಕರ್ಪೂರ ಹೇಗೆ ಉರಿಯುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಜೊತೆಗೆ ನೈಟ್ರಿಕ್ ಆಮ್ಲ ಸೇರಿದ ಹತ್ತಿ ಅಂದರೆ ಸಿಡಿಮದ್ದಿನ ಅಣ್ಣತಮ್ಮ. ಅವನ ಚೆಂಡುಗಳು ಜೋರಾಗಿ ಡಿಕ್ಕಿ ಹೊಡೆದರೆ ಕೆಲವು ಸಲ ಪಟಾಕಿಯ ಸದ್ದು ಬರುತ್ತಿತ್ತಂತೆ. ಕೊಲೊರಾಡೋದ ಒಬ್ಬ ಹೋಟೆಲಿನವನು ಹ್ಯಾಟ್‌ಗೆ ಕಾಗದ ಬರೆದು, ಸದ್ದಿನಿಂದ ನನಗೇನೂ ತೊಂದರೆಯಿಲ್ಲ, ಆದರೆ ಸದ್ದಾದ ಕೂಡಲೇ ಇಲ್ಲಿರುವವರೆಲ್ಲ ಪಿಸ್ತೂಲು ತೆಗೆಯುತ್ತಾರೆ ಎಂದು ದೂರಿದ್ದನ್ನು ಹ್ಯಾಟ್ ತಾನೇ ಹೇಳಿಕೊಂಡಿದ್ದ.

ನಗುವ ಮಾತು ಇಷ್ಟೇ. ಇದೇ ಜಾತಿಯ ವಸ್ತುವಿನಿಂದ ಎಕ್ಸ್‌ರೇ ಫಿಲ್ಮ್ ಮಾಡುತ್ತಿದ್ದರು. 1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಆಸ್ಪತ್ರೆಯಲ್ಲಿ ಕೂಡಿಟ್ಟ ಫಿಲ್ಮಿಗೆ ಬೆಂಕಿ ತಗುಲಿ 123 ಜನ ಸತ್ತರು. ಬಹಳಷ್ಟು ಜನರನ್ನು ಕೊಂದದ್ದು ಜ್ವಾಲೆಯಲ್ಲ, ಅದರಿಂದ ಎದ್ದ ವಿಷದ ಹೊಗೆ.

ನಡುವೆ 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಕಂಡುಹಿಡಿದಿದ್ದ. ಹಳೆಯ ಮನೆಗಳಲ್ಲಿ ಮರದ ಹಲಗೆಯ ಮೇಲೆ ಕೂತಿರುತ್ತಿದ್ದ ಕಪ್ಪು ಸ್ವಿಚ್ಚು ನೆನಪಿದೆಯಲ್ಲ, ಅದೇ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ಹನಿಹನಿಯಾಗಿ ಸುರಿಯದು, ಕಾದರೆ ಕರಿಯಾಗುತ್ತದೆ ಅಷ್ಟೆ. ಎರಡನೇ ಮಹಾಯುದ್ಧದ ನಂತರ ಬಂದ ಪ್ಲಾಸ್ಟಿಕ್ಕುಗಳು ಅಗ್ಗ, ಹಗುರ, ಬೇಕಾದ ಬಣ್ಣ. ಆದರೆ ಪಾಲಿಥೀನ್, ಪಾಲಿಸ್ಟೈರೀನ್, ಹಾಸಿಗೆಯ ಫೋಮ್ ಇವೆಲ್ಲ ಹುಟ್ಟಿದ್ದು ಪೆಟ್ರೋಲಿಯಂನಿಂದ. ಬೆಂಕಿಗೆ ಅವು ಎಣ್ಣೆಯ ಸಂಬಂಧಿಕರೇ.

ಮಾರುವವರು ಆಗ ಒಂದು ಮಾತು ಹಿಡಿದುಕೊಂಡರು: ‘ತಾನಾಗಿ ಆರುವ ಪ್ಲಾಸ್ಟಿಕ್’. ಕೆಲವರು ಇನ್ನೂ ಮುಂದೆ ಹೋಗಿ ‘ಉರಿಯದ ಪ್ಲಾಸ್ಟಿಕ್’ ಎಂದರು. ಸುಳ್ಳು ಅನ್ನುವ ಹಾಗೂ ಇರಲಿಲ್ಲ. ಪ್ರಯೋಗಾಲಯದಲ್ಲಿ ಬೆರಳುದ್ದದ ಚೂರಿಗೆ ಸಣ್ಣ ಜ್ವಾಲೆ ಹಿಡಿದು ತೆಗೆದರೆ ಅದು ಆರುತ್ತಿತ್ತು. ಅದೇ ಫೋಮನ್ನು ಗೋಡೆ ತುಂಬ, ಚಾವಣಿ ತುಂಬ ಹಚ್ಚಿದರೆ? ಒಂದು ಕಡೆಯ ಶಾಖ ಇನ್ನೊಂದು ಕಡೆಯನ್ನು ಕಾಯಿಸುತ್ತದೆ, ಆರುವುದಕ್ಕೆ ಬಿಡುವೇ ಇರುವುದಿಲ್ಲ. ಒಂಟಿ ಕಟ್ಟಿಗೆ ಒಲೆಯಲ್ಲಿ ಆರಿಹೋಗುತ್ತದೆ, ನಾಲ್ಕು ಕೂಡಿಸಿದರೆ ಧಗಧಗ ಉರಿಯುತ್ತದೆ. ಒಲೆ ಹಚ್ಚಿದವರಿಗೆಲ್ಲ ಇದು ಗೊತ್ತು.

1973ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಸುಮಾರು 25 ಪ್ಲಾಸ್ಟಿಕ್ ಕಂಪನಿಗಳು ಮತ್ತು ಅವುಗಳ ಸಂಘದ ಮೇಲೆ ದೂರು ತಂದಿತು. ಪರೀಕ್ಷೆ ಬರೆದುಕೊಟ್ಟ ಮಾನದಂಡ ಸಂಸ್ಥೆಯನ್ನೂ ಅದರಲ್ಲಿ ಸೇರಿಸಿತ್ತು. ಸಣ್ಣ ಚೂರಿನ ಪರೀಕ್ಷೆ ತೋರಿಸಿ ಜನರಿಗೆ ದೊಡ್ಡ ಭರವಸೆ ಕೊಡುತ್ತಿದ್ದೀರಿ ಎಂಬುದು ಆರೋಪ. ಮರುವರ್ಷ ರಾಜಿಯಾಯಿತು. ಕಂಪನಿಗಳು ಆ ಪದಗಳನ್ನು ಬಿಡಬೇಕು, ಕೊಂಡವರಿಗೆ ಅಪಾಯ ತಿಳಿಸಬೇಕು, ಸಂಶೋಧನೆಗೆ 50 ಲಕ್ಷ ಡಾಲರ್ ಕೊಡಬೇಕು ಎಂದು ಒಪ್ಪಿಕೊಂಡವು. ಯುಎಲ್‌ನ 94ನೇ ಮಾನದಂಡದಲ್ಲಿ ಹಿಂದೆ ‘ಎಸ್‌ಇ-0’ ಎಂಬ ದರ್ಜೆ ಇತ್ತು. ಎಸ್‌ಇ ಅಂದರೆ ಇಂಗ್ಲಿಷಿನಲ್ಲಿ ‘ತಾನಾಗಿ ಆರುವ’ ಎಂಬುದರ ಮೊದಲಕ್ಷರಗಳು. ಈಗ ಅಲ್ಲಿರುವುದು ಬರಿಯ ‘ವಿ’. ವಿ ಅಂದರೆ ವರ್ಟಿಕಲ್, ಚೂರನ್ನು ನೆಟ್ಟಗೆ ತೂಗುಹಾಕಿ ಪರೀಕ್ಷಿಸಿದ್ದಾರೆ ಅಂತ. ಭರವಸೆಯ ಪದ ಹೋಗಿ, ಏನು ಮಾಡಿದರು ಎಂಬುದು ಮಾತ್ರ ಉಳಿಯಿತು. ಇದು ಒಳ್ಳೆಯ ಬದಲಾವಣೆ ಎಂದೇ ನಮ್ಮ ಎಣಿಕೆ.

ಪರೀಕ್ಷೆ ಹೀಗಿದೆ. 125 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲದ ಪಟ್ಟಿಯನ್ನು ನೆಟ್ಟಗೆ ತೂಗುಹಾಕುತ್ತಾರೆ. ಕೆಳಗೆ ಹತ್ತಿ ಹಾಸಿರುತ್ತಾರೆ. ಪಟ್ಟಿಯ ತುದಿಗೆ 20 ಮಿಲಿಮೀಟರ್ ಎತ್ತರದ ಜ್ವಾಲೆಯನ್ನು 10 ಸೆಕೆಂಡ್ ಹಿಡಿದು ತೆಗೆಯುತ್ತಾರೆ. ಆರಿದ ಮೇಲೆ ಮತ್ತೆ 10 ಸೆಕೆಂಡ್. ಹೀಗೆ ಐದು ಪಟ್ಟಿ. ಪ್ರತಿ ಸಲವೂ 10 ಸೆಕೆಂಡಿನೊಳಗೆ ಆರಿ, ಎಲ್ಲ ಸೇರಿ 50 ಸೆಕೆಂಡ್ ಮೀರದೆ, ಉರಿಯುವ ಹನಿ ಬಿದ್ದು ಹತ್ತಿಗೆ ಬೆಂಕಿ ತಗುಲದಿದ್ದರೆ ವಿ-0. ಪ್ರತಿ ಸಲ 30 ಸೆಕೆಂಡ್, ಒಟ್ಟು 250 ಸೆಕೆಂಡ್‌ವರೆಗೆ ಉರಿದರೆ ವಿ-1. ಅಷ್ಟೇ ಹೊತ್ತು ಉರಿದು ಹತ್ತಿಗೂ ಬೆಂಕಿ ಹತ್ತಿಸಿದರೆ ವಿ-2. ಕೆಳಗಿನ ದರ್ಜೆ ‘ಎಚ್‌ಬಿ’. ಇದರಲ್ಲಿ ಪಟ್ಟಿಯನ್ನು ಅಡ್ಡ ಹಿಡಿಯುತ್ತಾರೆ, ನಿಧಾನಕ್ಕೆ ಉರಿದರೂ ಪಾಸು. ಎಚ್‌ಬಿ ಇದೆ ಅಂದರೆ ಬೆಂಕಿ ತಡೆಯುತ್ತದೆ ಅಂತ ಅರ್ಥವಲ್ಲ.

ಅಂಗಡಿಯವರು ಹೇಳದ ಇನ್ನೊಂದು ವಿಷಯ ದಪ್ಪ. 3 ಮಿಲಿಮೀಟರ್ ದಪ್ಪದಲ್ಲಿ ವಿ-0 ಪಡೆದ ಪ್ಲಾಸ್ಟಿಕ್ಕೇ ಅದರ ಅರ್ಧ ದಪ್ಪಕ್ಕೆ ಇಳಿದಾಗ ದರ್ಜೆ ಕಳೆದುಕೊಳ್ಳಬಹುದು. ಆದ್ದರಿಂದ ಸರಿಯಾದ ದಾಖಲೆಯಲ್ಲಿ ದರ್ಜೆಯ ಪಕ್ಕದಲ್ಲೇ ದಪ್ಪವೂ ಇರುತ್ತದೆ. ಡಬ್ಬಿ ತೆಳ್ಳಗಿದ್ದು, ಕಾಗದದಲ್ಲಿ ಬರಿ ವಿ-0 ಎಂದಿದ್ದರೆ ಯಾವ ದಪ್ಪಕ್ಕೆ ಎಂದು ಕೇಳಬೇಕು.

ಸ್ವಿಚ್ಚು, ಸಾಕೆಟ್ಟಿನ ವಿಷಯದಲ್ಲಿ ನಮಗೆ ಹೆಚ್ಚು ಹತ್ತಿರದ ಪರೀಕ್ಷೆ ಕೆಂಡದ ತಂತಿಯದು. ತಂತಿಯನ್ನು ಕರೆಂಟಿನಿಂದ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ 30 ಸೆಕೆಂಡ್ ಒತ್ತುತ್ತಾರೆ. ತೆಗೆದ 30 ಸೆಕೆಂಡಿನೊಳಗೆ ಬೆಂಕಿ ಆರಬೇಕು. ಮನೆಯ ಸ್ವಿಚ್ಚಿನ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಕರೆಂಟು ಹರಿಯುವ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ಕಿಗೆ 850 ಡಿಗ್ರಿ, ಉಳಿದ ಹೊರಭಾಗಕ್ಕೆ 650 ಡಿಗ್ರಿ. ಲೂಸಾದ ಸ್ಕ್ರೂ ಕಾದು ಕೆಂಪಾಗುವುದನ್ನು ಇದು ಅನುಕರಿಸುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ ಸುಟ್ಟ ವಾಸನೆ ಬಂದು ಓಡಿಹೋದವರಿಗೆ ಈ ಪರೀಕ್ಷೆ ಯಾಕೆ ಅಂತ ಅರ್ಥವಾಗುತ್ತದೆ. ನಮ್ಮಲ್ಲಿ ಸ್ವಿಚ್ಚಿಗೆ ಐಎಸ್ 3854, ಮನೆಯ ಪಿವಿಸಿ ವೈರಿಗೆ ಐಎಸ್ 694 ಎಂಬ ಸಂಖ್ಯೆಗಳಿವೆ. ಐಎಸ್‌ಐ ಗುರುತಿನ ಮೇಲೆ ಆ ಸಂಖ್ಯೆ ಇದೆಯೇ ನೋಡಿ. ಲೈಟರ್ ಹಿಡಿದು, ನೋಡಿ ಆರಿಹೋಯಿತು ಎಂದು ವೈರು ಮಾರುವವರು ತೋರಿಸುವುದು 1973ರ ಹಳೆಯ ಆಟವೇ.

ಅದೇ 1973ರ ಆಗಸ್ಟ್ 2ರಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸಮ್ಮರ್‌ಲ್ಯಾಂಡ್ ಎಂಬ ಮನರಂಜನೆಯ ಕಟ್ಟಡ ಸುಟ್ಟು 50 ಜನ ತೀರಿಕೊಂಡರು. ಅದರ ಗೋಡೆ, ಚಾವಣಿಯ ಬಹುಪಾಲು ಪಾರದರ್ಶಕ ಅಕ್ರಿಲಿಕ್ ಹಾಳೆ. ಹುಡುಗರು ಸಿಗರೇಟು ಸೇದುತ್ತ ಹೊರಗಿನ ಗೂಡಂಗಡಿಗೆ ಬೆಂಕಿ ತಗುಲಿಸಿದ್ದರು. ಹೊರಗೋಡೆ ಬೆಂಕಿ ತಾಳಬೇಕೆಂಬ ನಿಯಮ ಆ ದ್ವೀಪದಲ್ಲಿತ್ತು, ಈ ಕಟ್ಟಡಕ್ಕೆ ವಿನಾಯಿತಿ ಕೊಟ್ಟಿದ್ದರು.

ವಿ-0 ಅಳೆಯದ ಇನ್ನೊಂದು ಸಂಗತಿ ಹೊಗೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ವೈರುಗಳು ಹೋಗುವ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಜನ ಸತ್ತರು, ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ವೈರಿನ ಸುರುಳಿಯ ಮೇಲೆ ‘ಎಫ್‌ಆರ್’ ಎಂದಷ್ಟೇ ಇದ್ದರೆ ಬೆಂಕಿ ಹರಡುವುದು ನಿಧಾನ ಅಂತ. ‘ಎಫ್‌ಆರ್‌ಎಲ್‌ಎಸ್’ ಇದ್ದರೆ ಹೊಗೆಯೂ ಕಡಿಮೆ. ಹೆಚ್ಚು ಜನ ಸೇರುವ ಜಾಗಕ್ಕೆ, ಅಂಗನವಾಡಿಗೋ ಕಲ್ಯಾಣ ಮಂಟಪಕ್ಕೋ ವೈರು ತರುವಾಗ ಎರಡನೆಯದನ್ನೇ ಕೇಳುವುದು ಮೇಲು.

ಉರಿಯುವ ಪ್ಲಾಸ್ಟಿಕ್ಕು ಆರುವಂತೆ ಮಾಡಲು ಏನು ಬೆರೆಸುತ್ತಾರೆ ಎಂಬುದು ಕೊನೆಯ ಪ್ರಶ್ನೆ. ಕೆಲವದಕ್ಕೆ ಕಾದಾಗ ನೀರಾವಿ ಬಿಡುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ, ಕೆಲವದಕ್ಕೆ ಮೇಲೆ ಕರಿಯ ಪದರ ಕಟ್ಟುವ ರಂಜಕದ ರಾಸಾಯನಿಕ. ಬಹುಕಾಲ ಅಗ್ಗಕ್ಕೆ ಸಿಗುತ್ತಿದ್ದದ್ದು ಬ್ರೋಮಿನ್ ಇರುವವು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದೇ ಕಾರ್ಖಾನೆ ‘ಫೈರ್‌ಮಾಸ್ಟರ್’ ಎಂಬ ಬ್ರೋಮಿನ್ ಪುಡಿಯನ್ನೂ, ಹಸುಗಳ ಹಾಲು ಹೆಚ್ಚಿಸಲು ಹಿಂಡಿಗೆ ಬೆರೆಸುವ ‘ನ್ಯೂಟ್ರಿಮಾಸ್ಟರ್’ ಎಂಬ ಪುಡಿಯನ್ನೂ ತಯಾರಿಸುತ್ತಿತ್ತು. 1973ರಲ್ಲಿ ಮೊದಲನೆಯದರ ಚೀಲಗಳು ಎರಡನೆಯದರ ಜಾಗಕ್ಕೆ, ಪಶು ಆಹಾರದ ಗಿರಣಿಗೆ ಹೋದವು.

ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆದವು. ನಿಮ್ಮ ಸಾಕಣೆಯೇ ಸರಿಯಿಲ್ಲ ಎಂಬ ಮಾತನ್ನು ರೈತರು ಕೇಳಬೇಕಾಯಿತು. ಕೆಮಿಕಲ್ ಎಂಜಿನಿಯರಿಂಗ್ ಓದಿದ್ದ ಒಬ್ಬ ಹೈನುಗಾರ ಹಟ ಬಿಡದೆ ತನ್ನ ಹಿಂಡಿಯನ್ನು ಪ್ರಯೋಗಾಲಯಗಳಿಗೆ ಕಳಿಸುತ್ತಾ ಹೋದದ್ದರಿಂದ 1974ರಲ್ಲಿ ಗುಟ್ಟು ಬಯಲಾಯಿತು. ಅಷ್ಟರಲ್ಲಿ ತಿಂಗಳುಗಟ್ಟಲೆ ಆ ಹಾಲು, ಮೊಟ್ಟೆ, ಮಾಂಸ ರಾಜ್ಯದ ಜನರ ಹೊಟ್ಟೆ ಸೇರಿತ್ತು. ಸುಮಾರು 30,000 ದನ, 15 ಲಕ್ಷ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಆ ಜಾತಿಯ ಬ್ರೋಮಿನ್ ಪುಡಿಯನ್ನು ಯುರೋಪು 2006ರಿಂದ ವಿದ್ಯುತ್ ಉಪಕರಣಗಳಲ್ಲಿ ನಿರ್ಬಂಧಿಸಿದೆ. ಕೆಲವು ಚಾರ್ಜರ್‌ಗಳ ಮೇಲೆ ಕಾಣುವ ‘ರೋಹ್ಸ್’ ಎಂಬ ಗುರುತು ಆ ಕಾನೂನಿನದು. ಮಿಷಿಗನ್‌ನಲ್ಲಿ ಅಂದು ಆ ಹಾಲು ಕುಡಿದವರ ಮತ್ತು ಅವರ ಮಕ್ಕಳ ರಕ್ತವನ್ನು ಸಂಶೋಧಕರು ದಶಕಗಳ ನಂತರವೂ ಪರೀಕ್ಷಿಸುತ್ತಾ ಬಂದಿದ್ದಾರೆ.