ಕಪಾಲಚಿಹ್ನೆಯ ಪ್ರತಿನಾಯಕ: ಚಿತ್ರಕಥೆಯಿಂದ ಚಿತ್ರಪಟಕ್ಕೆ

ಭಾರತೀಯ ಅಲಂಕಾರಶಾಸ್ತ್ರದಲ್ಲಿ ಪ್ರತಿನಾಯಕನೆಂದರೆ ನಾಯಕನ ಶತ್ರು. ಲೋಭ, ಔದ್ಧತ್ಯ, ಪಾಪಶೀಲತೆ, ವ್ಯಸನ ಇವು ಅವನ ಲಕ್ಷಣಗಳೆಂದು ಧನಂಜಯನು ದಶರೂಪಕದಲ್ಲಿ ಹೇಳಿದ್ದಾನೆ. ರಾಮನಿಗೆ ರಾವಣನೂ ಯುಧಿಷ್ಠಿರನಿಗೆ ದುರ್ಯೋಧನನೂ ಇದಕ್ಕೆ ಉದಾಹರಣೆ. ನಾಗಚಂದ್ರನು ರಾವಣನಿಗೂ ರನ್ನನು ದುರ್ಯೋಧನನಿಗೂ ಎಷ್ಟೇ ಉದಾತ್ತತೆಯನ್ನು ಕೊಟ್ಟರೂ ಅವರು ಯಾವ ಪಕ್ಷದಲ್ಲಿ ನಿಂತಿದ್ದಾರೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಚಿತ್ರಕಥಾಪತ್ರಿಕೆಗಳು, ಎಂದರೆ ಕಾಮಿಕ್ಸ್, ಬೆಳೆಸಿದ ಪ್ರತಿನಾಯಕನಾದರೋ ಈ ಲಕ್ಷಣಕ್ಕೆ ಒಳಪಡತಕ್ಕವನಲ್ಲ. ಅವನ ಗುರಿ ನಾಯಕನದು. ಹಿಡಿದ ದಾರಿ ಖಳನದು. ಅವನು ದುಷ್ಟರನ್ನೇ ಶಿಕ್ಷಿಸುತ್ತಾನೆ. ಆದರೆ ವಿಚಾರಣೆಯಿಲ್ಲದೆ ಶಿಕ್ಷಿಸುತ್ತಾನೆ. ಇಂಥವರಲ್ಲಿ ಅತ್ಯಂತ ಪ್ರಸಿದ್ಧರಾದವರ ಪೈಕಿ ಒಬ್ಬನು 'ಪನಿಷರ್', ಎಂದರೆ ದಂಡಿಸುವವನು. ಅವನ ಐವತ್ತು ವರ್ಷಗಳ ಚರಿತ್ರೆ ವಿಚಾರಯೋಗ್ಯವಾದುದು. ಏಕೆಂದರೆ ಅವನ ವಿಷಯದಲ್ಲಿ ಪ್ರಶ್ನೆಯು ಕಾಗದದ ಮೇಲೆ ನಿಲ್ಲದೆ ಬೀದಿಗೆ ಇಳಿಯಿತು.

ಇಂಥ ಪಾತ್ರವು ಮೊದಲು ಏಕೆ ಹುಟ್ಟಲಿಲ್ಲವೆಂಬುದಕ್ಕೆ ಕಾರಣವುಂಟು. 1954ರಲ್ಲಿ ಮನೋವೈದ್ಯನಾದ ಫ್ರೆಡರಿಕ್ ವರ್ಥಮನ ಗ್ರಂಥವು ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಂದು ಆರೋಪಿಸಿತು. ಅದೇ ವರ್ಷ ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ಈ ವಿಷಯವಾಗಿ ವಿಚಾರಣೆ ನಡೆಸಿತು. ಸರಕಾರದ ಕೈ ತಮ್ಮ ಮೇಲೆ ಬೀಳುವುದಕ್ಕೆ ಮುಂಚೆ ಪ್ರಕಾಶಕರೇ ಒಂದು ನಿಯಮಾವಳಿಯನ್ನು ರಚಿಸಿಕೊಂಡರು. ಅಪರಾಧಿಯ ಮೇಲೆ ಓದುಗನಿಗೆ ಕನಿಕರ ಹುಟ್ಟಕೂಡದು, ಕಡೆಯಲ್ಲಿ ಒಳಿತೇ ಗೆಲ್ಲಬೇಕು ಎಂಬಿವು ಅದರ ಮುಖ್ಯ ವಿಧಿಗಳು. 1971ರಲ್ಲಿ ಮಾದಕ ಪದಾರ್ಥಗಳ ಅನರ್ಥವನ್ನು ಚಿತ್ರಿಸಿದ ಸ್ಪೈಡರ್-ಮ್ಯಾನ್ ಕಥೆಯ ಮೂರು ಸಂಚಿಕೆಗಳು ನಿಯಮಾವಳಿಯ ಮುದ್ರೆಯಿಲ್ಲದೆಯೇ ಹೊರಬಂದವು. ಅದೇ ವರ್ಷ ನಿಯಮಗಳೂ ಸಡಿಲವಾದವು. ಮುಚ್ಚಿದ್ದ ಬಾಗಿಲು ಸ್ವಲ್ಪ ತೆರೆಯಿತು. ಆ ಸಂದಿನಿಂದ ಪನಿಷರ್ ಒಳಗೆ ಬಂದನು.

ಅವನು ಬಂದುದು ಸ್ವಂತ ಮನೆಗಲ್ಲ, ಪರರ ಮನೆಗೆ. ಮಾರ್ವೆಲ್ ಸಂಸ್ಥೆಯ 'ಅಮೇಜಿಂಗ್ ಸ್ಪೈಡರ್-ಮ್ಯಾನ್' ಪತ್ರಿಕೆಯ 129ನೆಯ ಸಂಚಿಕೆ, 1974ರ ಫೆಬ್ರವರಿ ತಿಂಗಳ ಮುದ್ರೆಯುಳ್ಳದ್ದು, ಅವನ ಜನ್ಮಸ್ಥಾನ. ಕಥೆ ಬರೆದವನು ಜೆರಿ ಕಾನ್ವೇ, ಚಿತ್ರಿಸಿದವನು ರಾಸ್ ಆಂಡ್ರು. ಕಾನ್ವೇ ತನ್ನ ಕರಡುಚಿತ್ರದಲ್ಲಿ ಎದೆಯ ಒಂದು ಪಕ್ಕಕ್ಕೆ ಚಿಕ್ಕದೊಂದು ಕಪಾಲವನ್ನು ಗುರುತುಮಾಡಿದ್ದನು. ಹಿರಿಯ ಚಿತ್ರಕಾರನಾದ ಜಾನ್ ರೊಮಿಟಾ ಅದನ್ನು ಎದೆಯ ತುಂಬ ಹಿಗ್ಗಿಸಿ, ಅದರ ಹಲ್ಲುಗಳನ್ನು ತೋಟಾಪಟ್ಟಿಯೊಡನೆ ಕೂಡಿಸಿದನು. ಡಾನ್ ಪೆಂಡಲ್‌ಟನ್ 1969ರಿಂದ ಬರೆದ 'ಎಕ್ಸಿಕ್ಯೂಷನರ್' ಕಾದಂಬರಿಗಳ ಪ್ರಭಾವವನ್ನು ಕಾನ್ವೇ ಒಪ್ಪಿಕೊಂಡಿದ್ದಾನೆ. ಅವುಗಳ ನಾಯಕನೂ ವಿಯೆಟ್ನಾಂ ಯುದ್ಧದಿಂದ ಮರಳಿ ಪಾತಕಿಗಳ ಕೂಟದ ಮೇಲೆ ಏಕಾಂಗಿಯಾಗಿ ಯುದ್ಧ ಸಾರಿದವನೇ. ಪನಿಷರನ ಹೆಂಡತಿ ಮಕ್ಕಳು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪಾತಕಿಗಳ ಗುಂಡಿಗೆ ಬಲಿಯಾದರೆಂಬ ಪೂರ್ವಕಥೆ 1975ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪ್ರಥಮ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ನಾರ್ಮನ್ ಆಸ್ಬಾರ್ನ್ ಎಂಬುವನನ್ನು ಸ್ಪೈಡರ್-ಮ್ಯಾನ್ ಕೊಂದನೆಂದು ನಂಬಿ ಪನಿಷರ್ ಅವನ ಮೇಲೆ ಗುರಿಯಿಡುತ್ತಾನೆ. ಸ್ಪೈಡರ್-ಮ್ಯಾನ್ ನಿರಪರಾಧಿ, ಹಿಂದಿನ ಸಂಚಿಕೆಗಳನ್ನು ಓದಿದವರಿಗೆಲ್ಲ ಇದು ತಿಳಿದ ವಿಷಯ. ಜಾಕಲ್ ಎಂಬ ಕಪಟಿ ತನ್ನನ್ನು ಆಯುಧವಾಗಿ ಬಳಸಿಕೊಂಡನೆಂದು ಪನಿಷರನಿಗೆ ಕಡೆಯಲ್ಲಿ ಅರಿವಾಗುತ್ತದೆ. ವಿಚಾರಣೆಯಿಲ್ಲದೆ ದಂಡ ವಿಧಿಸುವವನು ಓದುಗರೆದುರಿಗೆ ಕೊಟ್ಟ ಮೊದಲನೆಯ ತೀರ್ಪೇ ತಪ್ಪು ತೀರ್ಪು. ಸ್ಪೈಡರ್-ಮ್ಯಾನನ ಮನೆಗೆ ಅತಿಥಿಯಾಗಿ ಬಂದುದರಿಂದಲೇ ಈ ತಪ್ಪು ಕಾಣುವಂತಾಯಿತು. ಅವನ ಸ್ವಂತ ಪತ್ರಿಕೆಯಲ್ಲಿ ಅವನ ಗುರಿಗೆ ಸಿಕ್ಕವರೆಲ್ಲ ಪಾಪಿಗಳೇ ಆಗಿರಬಹುದಾಗಿತ್ತು.

ಒಂದು ಪತ್ರಿಕೆಯ ಪಾತ್ರವು ಇನ್ನೊಂದರ ಕಥೆಯೊಳಗೆ ಹೋಗುವುದನ್ನು ಅಲ್ಲಿ 'ಕ್ರಾಸ್‌ಓವರ್' ಎನ್ನುತ್ತಾರೆ. ಸಂಗಮಕಥೆಯೆಂದು ನಾವು ಹೇಳಬಹುದು. ಇದರ ಮೂಲೋದ್ದೇಶ ವ್ಯಾಪಾರವೆಂಬುದನ್ನು ಮರೆಮಾಚಬೇಕಾಗಿಲ್ಲ. ಇಬ್ಬರ ಅಭಿಮಾನಿಗಳೂ ಒಂದೇ ಸಂಚಿಕೆಯನ್ನು ಕೊಳ್ಳುತ್ತಾರೆ. ಆದರೆ ಪ್ರತಿನಾಯಕನ ವಿಷಯದಲ್ಲಿ ಈ ವ್ಯಾಪಾರತಂತ್ರವೇ ಧರ್ಮವಿಚಾರದ ಸಾಧನವಾಯಿತು. 1982ರಲ್ಲಿ 'ಡೇರ್‌ಡೆವಿಲ್' ಪತ್ರಿಕೆಯ ಸಂಚಿಕೆಗಳಲ್ಲಿ ಫ್ರಾಂಕ್ ಮಿಲ್ಲರ್ ಪನಿಷರನನ್ನು ತಂದುದು ಇದಕ್ಕೆ ಉತ್ತಮ ನಿದರ್ಶನ. ಡೇರ್‌ಡೆವಿಲ್ ಹಗಲಿನಲ್ಲಿ ಕುರುಡ ವಕೀಲ, ರಾತ್ರಿಯಲ್ಲಿ ಮುಖವಾಡ ಧರಿಸಿ ದುಷ್ಟರನ್ನು ಸದೆಬಡಿಯುವವನು. ಆದರೆ ಕೊಲ್ಲಲು ಒಪ್ಪದವನು. ಮಾದಕ ಪದಾರ್ಥಕ್ಕೆ ಶಾಲಾಬಾಲಕಿಯೊಬ್ಬಳು ಬಲಿಯಾಗುತ್ತಾಳೆ. ಅವಳ ಸೋದರ ಸೇಡಿಗಾಗಿ ಪಿಸ್ತೂಲು ಹಿಡಿಯುತ್ತಾನೆ. ಆ ಹುಡುಗನ ಮುಂದೆ ಈಗ ಎರಡು ಮಾದರಿಗಳು ನಿಂತಿವೆ. ಇಬ್ಬರೂ ಶಾಸನದ ಹೊರಗೆ ನಿಂತವರೇ. ಅವರ ನಡುವೆ ಇರುವುದು ಒಂದೇ ಗೆರೆ. ಆ ಗೆರೆ ಎಷ್ಟು ತೆಳುವಾದುದು, ಎಷ್ಟು ಅವಶ್ಯವಾದುದು ಎಂಬುದೇ ಕಥೆಯ ಸಾರ.

1986ರಲ್ಲಿ ಪನಿಷರನಿಗೆ ಅಲ್ಪಾವಧಿಯ ಪತ್ರಿಕೆಯೊಂದೂ 1987ರಲ್ಲಿ ಸ್ವಂತ ಮಾಸಿಕವೂ ದೊರೆತವು. 1988ರಲ್ಲಿ ಎರಡನೆಯದು, 1992ರಲ್ಲಿ ಮೂರನೆಯದು ಸೇರಿದವು. ಜನಪ್ರಿಯತೆ ಬೆಳೆದಂತೆ ಅವನ ಮಾತಿಗೆ ಎದುರುಮಾತಾಡುವವರು ಕಡಿಮೆಯಾದರು. 1994ರಲ್ಲಂತೂ ಸಂಗಮಕಥೆಗಳು ಒಂದರ ಹಿಂದೊಂದು ಬಂದವು. ಪ್ರತಿಸ್ಪರ್ಧಿ ಸಂಸ್ಥೆಯಾದ ಡಿ.ಸಿ.ಯ ಬ್ಯಾಟ್‌ಮನ್ನನೊಡನೆ ಎರಡು ಭೇಟಿಗಳಾದವು. ಎರಡನೆಯದರಲ್ಲಿ ಪನಿಷರ್ ಜೋಕರನನ್ನು ಕೊಲ್ಲದಂತೆ ಬ್ಯಾಟ್‌ಮನ್ ತಡೆಯುತ್ತಾನೆ. ಅದೇ ವರ್ಷ ಹದಿಹರೆಯದವರ ವಿನೋದಕಥೆಗಳ ನಾಯಕನಾದ ಆರ್ಚಿಯ ಊರಿಗೂ ಅವನು ಬಂದನು. ಕಪಾಲಧಾರಿಯು ಶಾಲೆಯ ನೃತ್ಯಕೂಟದ ನಡುವೆ ನಿಂತಾಗ ನಗು ಬರುವುದು ಸಹಜ. ಆದರೆ ಆ ನಗೆಯೂ ಒಂದು ವಿಮರ್ಶೆಯೇ. ಮರುವರ್ಷ, 1995ರಲ್ಲಿ, ಅವನ ಮೂರು ಪತ್ರಿಕೆಗಳೂ ನಿಂತುಹೋದವು.

ಇನ್ನು ಚಿತ್ರಪಟದ ವಿಷಯ. 1989ರಲ್ಲಿ ಡಾಲ್ಫ್ ಲಂಡ್‌ಗ್ರೆನ್, 2004ರಲ್ಲಿ ಥಾಮಸ್ ಜೇನ್, 2008ರಲ್ಲಿ ರೇ ಸ್ಟೀವನ್‌ಸನ್ ಈ ಪಾತ್ರವನ್ನು ಧರಿಸಿದರು. ಮೊದಲನೆಯದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ತಯಾರಾಯಿತು; ಅದರಲ್ಲಿ ನಾಯಕನ ಎದೆಯ ಮೇಲೆ ಕಪಾಲವೇ ಇಲ್ಲ. ಅಮೆರಿಕದಲ್ಲಿ ಅದು ಚಿತ್ರಮಂದಿರಗಳನ್ನು ಕಾಣದೆ 1991ರಲ್ಲಿ ವಿಡಿಯೊ ರೂಪದಲ್ಲಿ ಮಾತ್ರ ಬಂದಿತು. ಎರಡನೆಯದರಲ್ಲಿ ನ್ಯೂಯಾರ್ಕನ್ನು ಬಿಟ್ಟು ಕಥೆಯನ್ನು ಫ್ಲಾರಿಡದ ಟ್ಯಾಂಪಾ ನಗರಕ್ಕೆ ಒಯ್ದರು. ಮೂರನೆಯದು ಲೋಕದಾದ್ಯಂತ ಗಳಿಸಿದುದು ಸುಮಾರು 1 ಕೋಟಿ ಡಾಲರುಗಳಷ್ಟೆ. ನಟರ ಸಾಮರ್ಥ್ಯವನ್ನು ದೂರಬೇಕಾಗಿಲ್ಲ. ಕೊರತೆ ಬೇರೆ ಕಡೆಯಿತ್ತು. ಮಾರ್ವೆಲ್ ತನ್ನ ಪಾತ್ರಗಳ ಚಲಚ್ಚಿತ್ರದ ಹಕ್ಕುಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಮಾರಿಬಿಟ್ಟಿತ್ತು. 2004ರ ವೇಳೆಗೆ ಸ್ಪೈಡರ್-ಮ್ಯಾನ್ ಸೋನಿ ಸಂಸ್ಥೆಯ ಕೈಯಲ್ಲಿ, ಡೇರ್‌ಡೆವಿಲ್ ಫಾಕ್ಸ್ ಸಂಸ್ಥೆಯ ಕೈಯಲ್ಲಿ ಇದ್ದರು. ಪನಿಷರ್ ಮೂರನೆಯವರ ಪಾಲು. ಕಾಗದದ ಮೇಲೆ ಒಂದೇ ನಗರದಲ್ಲಿ ವಾಸಿಸುವವರು ತೆರೆಯ ಮೇಲೆ ಒಬ್ಬರನ್ನೊಬ್ಬರು ಭೇಟಿಯಾಗುವಂತಿರಲಿಲ್ಲ. ಎದುರುಮಾತಿನವನು ಇಲ್ಲವಾದ ಮೇಲೆ ಉಳಿದುದು ಮಡದಿ ಮಕ್ಕಳನ್ನು ಕಳೆದುಕೊಂಡ ಬಂದೂಕುಗಾರನ ಸೇಡಿನ ಕಥೆ. ಅಂಥ ಕಥೆಗಳಿಗೆ ಹಾಲಿವುಡ್ಡಿನಲ್ಲಿ ಎಂದೂ ಬರವಿರಲಿಲ್ಲ.

ಹಕ್ಕುಗಳು ಕ್ರಮೇಣ ಮಾರ್ವೆಲಿಗೆ ಹಿಂದಿರುಗಿದ ಮೇಲೆ, 2016ರ ಮಾರ್ಚಿಯಲ್ಲಿ, ನೆಟ್‌ಫ್ಲಿಕ್ಸಿನ 'ಡೇರ್‌ಡೆವಿಲ್' ಮಾಲಿಕೆಯ ಎರಡನೆಯ ಭಾಗದಲ್ಲಿ ಜಾನ್ ಬರ್ನ್‌ಥಾಲ್ ಪನಿಷರನಾಗಿ ಬಂದನು. ಮತ್ತೆ ಅತಿಥಿಯಾಗಿಯೇ ಬಂದನು. ಈ ಮಾಲಿಕೆಯ ಮೂರನೆಯ ಕಂತಿನಲ್ಲಿ ಮಾಳಿಗೆಯ ಮೇಲೆ ನಡೆಯುವ ಸಂವಾದಕ್ಕೆ ಮೂಲ, 2000ದಲ್ಲಿ ಗಾರ್ತ್ ಎನ್ನಿಸ್ ಬರೆದು ಸ್ಟೀವ್ ಡಿಲ್ಲನ್ ಚಿತ್ರಿಸಿದ ಪತ್ರಿಕೆ. ಪನಿಷರ್ ಡೇರ್‌ಡೆವಿಲನನ್ನು ಸರಪಳಿಯಿಂದ ಬಿಗಿದು ಅವನ ಕೈಗೆ ಪಿಸ್ತೂಲು ಕಟ್ಟುತ್ತಾನೆ. ತಾನು ಒಬ್ಬನನ್ನು ಕೊಲ್ಲಲಿದ್ದೇನೆ. ತಡೆಯಬೇಕಾದರೆ ನನ್ನನ್ನು ಕೊಲ್ಲು. ಸುಮ್ಮನಿದ್ದರೆ ಆ ಸಾವಿನಲ್ಲಿ ನಿನಗೂ ಪಾಲುಂಟು ಎಂಬುದು ಪಂಥ. ಪತ್ರಿಕೆಯಲ್ಲಿ ಡೇರ್‌ಡೆವಿಲ್ ಕುದುರೆಯನ್ನು ಎಳೆದೇ ಬಿಡುತ್ತಾನೆ. ಪಿಸ್ತೂಲಿನ ಒಳಗಿನ ಮೊಳೆಯನ್ನು ಪನಿಷರ್ ಮೊದಲೇ ತೆಗೆದಿದ್ದುದರಿಂದ ಗುಂಡು ಹಾರುವುದಿಲ್ಲ. ಚಿತ್ರಮಾಲಿಕೆಯಲ್ಲಿ ಅವನು ಗುಂಡನ್ನು ಸರಪಳಿಯ ಮೇಲೆ ಹಾರಿಸಿ ಬಿಡಿಸಿಕೊಳ್ಳುತ್ತಾನೆ. ಆದರೆ ಅಷ್ಟರಲ್ಲಿ ಗುರಿಯಾದವನ ಪ್ರಾಣ ಉಳಿಯುವುದಿಲ್ಲ. ಮೂಲವು ನಾಯಕನ ವ್ರತಭಂಗವನ್ನು ತೋರಿಸಿತು. ರೂಪಾಂತರವು ವ್ರತವನ್ನು ಉಳಿಸಿ ಅದರ ಬೆಲೆಯನ್ನು ತೋರಿಸಿತು. ಇದು ಅನುಕರಣೆಯಲ್ಲ, ವ್ಯಾಖ್ಯಾನ. ಮೂರು ಚಲಚ್ಚಿತ್ರಗಳಿಗೆ ದಕ್ಕದಿದ್ದುದು ಒಂದು ಸಂವಾದಕ್ಕೆ ದಕ್ಕಿತು. 2017ರಲ್ಲಿ ಪನಿಷರನಿಗೆ ಪ್ರತ್ಯೇಕ ಮಾಲಿಕೆಯೂ ಆಯಿತು. 2019ರಲ್ಲಿ ಎರಡನೆಯ ಭಾಗದೊಡನೆ ಅದು ಮುಗಿಯಿತು.

ಹಾಗಾದರೆ ಪನಿಷರ್ ಒಂಟಿಯಾಗಿ ನಿಲ್ಲಲಾರನೆ? ನಿಲ್ಲಬಲ್ಲನು. ಎನ್ನಿಸನೇ 2004ರಿಂದ 2008ರವರೆಗೆ ವಯಸ್ಕರಿಗಾಗಿ ಬರೆದ ಮಾಲೆಯಲ್ಲಿ ಬೇರೆ ವೀರರಾರೂ ಬರುವುದಿಲ್ಲವೆನ್ನಬಹುದು. ಆದರೂ ಅದು ಗಂಭೀರವಾದ ಕೃತಿ. ಅಲ್ಲಿ ಎದುರುಮಾತನ್ನು ಲೇಖಕನೇ ವಹಿಸಿಕೊಂಡಿದ್ದಾನೆ. ಕೊಲ್ಲುತ್ತ ಮುದುಕನಾಗುತ್ತಿರುವ ಮನುಷ್ಯನ ಒಳಗಿನ ಶೂನ್ಯವನ್ನು ಆತ ಮುಚ್ಚಿಡುವುದಿಲ್ಲ.

ಆದರೆ ಲಾಂಛನಕ್ಕೆ ಲೇಖಕನಿಲ್ಲ. ಕಪಾಲವು ಕಥೆಯಿಂದ ಬೇರ್ಪಟ್ಟು ಲೋಕಕ್ಕೆ ಬಂದುದೇ ಈ ಚರಿತ್ರೆಯ ಕಳವಳಕರವಾದ ಅಧ್ಯಾಯ. ಇರಾಕ್ ಯುದ್ಧದಲ್ಲಿ ಅಮೆರಿಕದ ಸೈನಿಕರ ಕೆಲವು ತುಕಡಿಗಳು ಅದನ್ನು ತಮ್ಮ ವಾಹನಗಳ ಮೇಲೂ ಕವಚಗಳ ಮೇಲೂ ಬರೆದುಕೊಂಡವು. 2017ರಲ್ಲಿ ಕೆಂಟಕಿ ರಾಜ್ಯದ ಸಣ್ಣ ಊರೊಂದರ ಪೊಲೀಸರು ಅದನ್ನು ಗಸ್ತಿನ ಕಾರುಗಳಿಗೆ ಅಂಟಿಸಿ, ಆಕ್ಷೇಪಣೆ ಬಂದ ಮೇಲೆ ತೆಗೆದರು. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿಯೂ ಅದನ್ನು ಧರಿಸಿದವರಿದ್ದರು. ನ್ಯಾಯಾಲಯವನ್ನು ನಂಬದವನ ಗುರುತನ್ನು ನ್ಯಾಯಪಾಲನೆಗೆ ಪ್ರಮಾಣ ಮಾಡಿದವರೇ ಧರಿಸುವುದೆಂದರೆ ಅದು ಅರಿಯದೆ ಆದ ತಪ್ಪೊಪ್ಪಿಗೆಯಂತಿದೆ. ಪನಿಷರನು ನ್ಯಾಯವ್ಯವಸ್ಥೆಯ ಸೋಲಿನ ಸಂಕೇತ, ಅಧಿಕಾರಿಗಳು ಅವನನ್ನು ಮೆರೆಸುವುದು ಸಲ್ಲದು ಎಂದು ಕಾನ್ವೇ 2019ರಲ್ಲಿ ಬಹಿರಂಗವಾಗಿ ಹೇಳಿದನು. 2020ರಲ್ಲಿ ಕರಿಯರ ಹಕ್ಕುಗಳ ಚಳವಳಿಗೆ ನೆರವಾಗಲೆಂದು ಅದೇ ಕಪಾಲವನ್ನು ಹೊಸ ಚಿತ್ರಗಳಲ್ಲಿ ಬರೆಯಿಸಿದನು.

ಪತ್ರಿಕೆಯೂ ಉತ್ತರ ಕೊಟ್ಟಿತು. 2019ರ ಸಂಚಿಕೆಯೊಂದರಲ್ಲಿ ಮೆಚ್ಚಿ ಹತ್ತಿರ ಬಂದ ಪೊಲೀಸರ ಕಾರಿನಿಂದ ಪನಿಷರ್ ತನ್ನ ಚಿಹ್ನೆಯನ್ನು ತಾನೇ ಹರಿದುಹಾಕುತ್ತಾನೆ. ಮಾದರಿ ಬೇಕಾದರೆ ಕ್ಯಾಪ್ಟನ್ ಅಮೆರಿಕನನ್ನು ನೋಡಿರೆಂದು ಅವರಿಗೆ ತಿಳಿಸುತ್ತಾನೆ. 2022ರಲ್ಲಿ ಮಾರ್ವೆಲ್ ಹಳೆಯ ಕಪಾಲವನ್ನು ಬಿಟ್ಟು ಕೊಂಬುಗಳುಳ್ಳ ಬೇರೊಂದನ್ನು ಬರೆಯಿಸಿತು. 2025ರ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಎಂಬ ಚಿತ್ರಮಾಲಿಕೆಯಲ್ಲಿ ಕಪಾಲವನ್ನು ಹಚ್ಚೆ ಹೊಯ್ಯಿಸಿಕೊಂಡ ಪೊಲೀಸರು ಪಾತ್ರಗಳಾಗಿಯೇ ಬರುತ್ತಾರೆ, ಅವರ ಆರಾಧನೆಯನ್ನು ಪನಿಷರ್ ತಿರಸ್ಕರಿಸುತ್ತಾನೆ. ಬೀದಿಯಲ್ಲಿ ಹುಟ್ಟಿದ ಅಪಾರ್ಥವನ್ನು ಕಥೆಯು ಹೀಗೆ ಮತ್ತೆ ತನ್ನೊಳಗೆ ಕರೆದು ವಿಚಾರಣೆಗೆ ನಿಲ್ಲಿಸಿತು.

ಈ ಚರಿತ್ರೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪ್ರಾಚೀನರ ಪ್ರತಿನಾಯಕನಿಗೆ ನಾಯಕನು ಎಷ್ಟು ಅವಶ್ಯನೋ ಈ ನವೀನ ಪ್ರತಿನಾಯಕನಿಗೂ ಅಷ್ಟೇ ಅವಶ್ಯ; ಅಲ್ಲಿ ಯುದ್ಧಕ್ಕಾಗಿ, ಇಲ್ಲಿ ವಾದಕ್ಕಾಗಿ. ಕೊಲ್ಲೆನೆನ್ನುವವನೊಬ್ಬನು ಪಕ್ಕದಲ್ಲಿ ನಿಂತಿರುವಷ್ಟು ಕಾಲ ಪನಿಷರ್ ಒಂದು ಪ್ರಶ್ನೆ. ಅವನು ಹೊರಟುಹೋದೊಡನೆ ಆ ಪ್ರಶ್ನೆ ಉತ್ತರದ ವೇಷ ಹಾಕುತ್ತದೆ. ಆ ವೇಷವನ್ನು ನಂಬಿದವರು ಮರೆತುದು, 1974ರ ಆ ಮೊದಲ ಸಂಚಿಕೆಯಲ್ಲಿ ಅವನ ಬಂದೂಕು ಗುರಿಯಿಟ್ಟಿದ್ದುದು ನಿರಪರಾಧಿಯೊಬ್ಬನ ಕಡೆಗೆ ಎಂಬುದನ್ನು.